ಪರದೆಯಲ್ಲಿ ಉಳಿದ ಐದು ಬೆರಳು

ನಳಿನಿಯ ಕೆಲಸ ದುಭಾಷಿಯದು. ಕಿವಿ ಕೇಳದವರು ಕೈಯಲ್ಲಿ ಹೇಳಿದ್ದನ್ನು ಬಾಯಲ್ಲಿ ಹೇಳುವುದು, ಉಳಿದವರು ಬಾಯಲ್ಲಿ ಹೇಳಿದ್ದನ್ನು ಕೈಯಲ್ಲಿ ತೋರಿಸುವುದು. ಇದಕ್ಕೆ ಸರ್ಟಿಫಿಕೇಟು ಬಂದದ್ದು ಆಮೇಲೆ. ತಾಯಿ ಗಂಗಾ ಹುಟ್ಟಿನಿಂದಲೇ ಕಿವುಡಿಯಾದ್ದರಿಂದ ನಳಿನಿಯೂ ಅವಳ ತಮ್ಮ ಹೃಷೀಕೇಶನೂ ಮಾತು ಬರುವ ಮೊದಲೇ ಸನ್ನೆ ಕಲಿತಿದ್ದರು. ಈಗ ಅವಳಿಗೆ ಮೂವತ್ತೆಂಟು. ಡೊಂಬಿವಲಿ ಪೂರ್ವದ ಮೂರನೇ ಮಹಡಿಯ ಮನೆಯಲ್ಲಿ ತಾಯಿಯ ಜೊತೆ ಇದ್ದುಕೊಂಡು, ವಾಶಿಯ ಒಂದು ಸಂಸ್ಥೆಗಾಗಿ ಲ್ಯಾಪ್‌ಟಾಪಿನ ಮುಂದೆ ಕೂತು ಆಸ್ಪತ್ರೆ, ಬ್ಯಾಂಕು, ಕಚೇರಿಗಳ ವಿಡಿಯೊ ಕರೆಗಳಿಗೆ ದುಭಾಷಿಯಾಗಿ ಕೆಲಸ ಮಾಡುತ್ತಿದ್ದಳು.

ಆ ಮಂಗಳವಾರ ಮಧ್ಯಾಹ್ನ ಎರಡೂವರೆಗೆ ಮುಂಡಪ್ಪನ ಕರೆ ಇತ್ತು. ಮುಂಡಪ್ಪನೆಂದರೆ ಅವಳಿಗೆ ಹೊಸಬನಲ್ಲ. ಕಲ್ಯಾಣದ ಉಡುಪಿ ಹೋಟೆಲಿನಲ್ಲಿ ಅವಳ ಅಪ್ಪ ಮ್ಯಾನೇಜರಾಗಿದ್ದಾಗ ಅಲ್ಲಿ ದೋಸೆ ಹುಯ್ಯುತ್ತಿದ್ದವನು. ಅವನಿಗೂ ಕಿವಿ ಕೇಳದು. ಈಗ ಅರವತ್ತೆರಡಾಗಿ, ಕೆಲಸ ಬಿಟ್ಟು, ಟಿಟ್ವಾಳಾದಲ್ಲಿ ಅಕ್ಕನ ಮಗ ಮನೀಶನ ಜೊತೆ ಇದ್ದ. ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡಿದ್ದ. ಈಗ ಹರ್ನಿಯಾ. ಮರುದಿನ ಹನ್ನೊಂದಕ್ಕೆ ಠಾಣೆಯ ಆಸ್ಪತ್ರೆಯಲ್ಲಿ ಆಪರೇಷನ್ ಇತ್ತು.

ಸರ್ಜನ್ ಡಾಕ್ಟರ್ ಕಶ್ಯಪ ಠಾಣೆಯಲ್ಲಿ, ಮುಂಡಪ್ಪ ಅದೇ ಆಸ್ಪತ್ರೆಯ ಕಲ್ಯಾಣ ಕ್ಲಿನಿಕ್ಕಿನ ಟ್ಯಾಬ್ ಎದುರು, ನಳಿನಿ ಮನೆಯಲ್ಲಿ. ಮೂವರೂ ಬ್ರೌಸರಿನ ಒಂದೇ ಕಿಟಕಿಯಲ್ಲಿ ಮೂರು ಚೌಕಗಳಾಗಿ ಕಾಣುತ್ತಿದ್ದರು. ಕರೆ ಶುರುವಾದ ಎರಡೇ ನಿಮಿಷಕ್ಕೆ ಕಟ್ಟಡದ ಕರೆಂಟ್ ಹೋಯಿತು. ಫ್ಯಾನು ನಿಂತಿತು. ವೈಫೈಗೆ ಬ್ಯಾಟರಿ ಇದ್ದುದರಿಂದ ಕರೆ ಕಡಿಯಲಿಲ್ಲ. ಆದರೆ ಮುಂಡಪ್ಪನ ಚೌಕದಲ್ಲಿ ಕಪ್ಪು ತೇಪೆಗಳು ಮೂಡಿ ಮೂಡಿ ಮಾಯವಾಗತೊಡಗಿದವು.

ಡಾಕ್ಟರ್ ಮೈಸೂರಿನವರು. "ನೋಡಿ ನಳಿನಿಯವರೇ, ನನಗೆ ಹತ್ತು ನಿಮಿಷಾನೇ ಇರೋದು. ಮುಖ್ಯವಾದ್ದು ಕೇಳಿಬಿಡ್ತೀನಿ. ರಕ್ತ ತೆಳು ಮಾಡೋ ಮಾತ್ರೆ ಐದು ದಿನದ ಹಿಂದೇನೇ ನಿಲ್ಲಿಸಿದಾರಾ?"

ನಳಿನಿ ಕೈಯಲ್ಲಿ ಕೇಳಿದಳು. ಪರದೆಯ ಮೇಲೆ ಮುಂಡಪ್ಪನ ಕೈ ಮೇಲಕ್ಕೆ ಬಂತು. ಬಿಡಿಸಿದ ಐದು ಬೆರಳು. ಒಂದು ಕಪ್ಪು ತೇಪೆ ಎದ್ದು ಹೋಯಿತು. ಐದು ಬೆರಳು ಹಾಗೆಯೇ ಇತ್ತು. ಅವಳು ತಲೆಯಾಡಿಸಿದಳು.

"ಹೌದು ಡಾಕ್ಟರ್, ಐದು ದಿನ."

"ಗುಡ್. ನಾಳೆ ಬೆಳಿಗ್ಗೆ ಏಳಕ್ಕೆ ಖಾಲಿ ಹೊಟ್ಟೆಯಲ್ಲಿ ಬರ್ಲಿ."

ಕರೆ ಮುಗಿಯಿತು. ನಳಿನಿ ಮಾತ್ರ ಕುರ್ಚಿಯಿಂದ ಏಳಲಿಲ್ಲ. ಏನೋ ಸರಿ ಇರಲಿಲ್ಲ. ಮುಂಡಪ್ಪನ ಹುಬ್ಬು ಮೇಲೇರಿದ್ದು ಅವಳಿಗೆ ನೆನಪಿತ್ತು. ಸನ್ನೆಯಲ್ಲಿ ಹುಬ್ಬು ಮೇಲೇರಿದರೆ ಅದು ಪ್ರಶ್ನೆ. "ಐದು" ಎಂದನೋ, "ಐದಾ?" ಎಂದನೋ? ಹಾಗೆ ಕೇಳಿದ್ದರೆ ಆಮೇಲೆ ಇನ್ನೇನಾದರೂ ಹೇಳಿರಬೇಕಲ್ಲ? ಅವಳು ನೋಡಿದ್ದು ಮಾತ್ರ ಅಲುಗಾಡದ ಐದು ಬೆರಳು. ಮುಂಡಪ್ಪ ಎಂದಾದರೂ ಕೈಯನ್ನು ಅಷ್ಟು ಹೊತ್ತು ಸುಮ್ಮನೆ ಹಿಡಿದವನೇ?

ಎದ್ದು ನೀರು ಕುಡಿದಳು. ಕಿಟಕಿ ತೆರೆದಳು, ಮುಚ್ಚಿದಳು. ಆಸ್ಪತ್ರೆಗೆ ಫೋನ್ ಮಾಡಿದರೆ ಕೌಂಟರಿನ ಹೆಂಗಸು, "ಡಾಕ್ಟರ್ ಓಟಿ ಮೇ ಹೈ ಮ್ಯಾಡಮ್. ಫಾರ್ಮ್ ತೋ ಭರ್ ಗಯಾ ಹೈ, ಕಲ್ ಸುಬಹ್ ಬೋಲಿಯೇ," ಎಂದಳು. ಡಾಕ್ಟರ್ ಆಪರೇಷನ್ ಕೋಣೆಯಲ್ಲಿದ್ದಾರೆ, ಫಾರ್ಮು ತುಂಬಿಯಾಗಿದೆ, ನಾಳೆ ಹೇಳಿದರಾಯಿತು ಎಂಬ ಆ ಮಾತು ನಳಿನಿಗೆ ಸಮಾಧಾನ ಕೊಡಲಿಲ್ಲ. ಡಾಕ್ಟರಿಗೆ ತುರ್ತಾಗಿ ತನಗೆ ಫೋನ್ ಮಾಡಲು ಹೇಳಿ ಎಂದು ನಂಬರು ಬರೆಸಿದಳು. ಮನೀಶನಿಗೆ ಫೋನ್ ಮಾಡಿದಳು. ಅವನು ಅಂಬರನಾಥದ ಫ್ಯಾಕ್ಟರಿಯಲ್ಲಿ ಪಾಳಿಯ ಮೇಲಿದ್ದ. ಅಲ್ಲಿ ಫೋನುಗಳನ್ನು ಗೇಟಿನ ಬಳಿಯೇ ಇಟ್ಟು ಹೋಗಬೇಕು. ರಿಂಗಾಗಿ ರಿಂಗಾಗಿ ನಿಂತಿತು. ಮುಂಡಪ್ಪನ ಹತ್ತಿರ ಇದ್ದದ್ದು ಹಳೆಯ ಬಟನ್ ಫೋನು. ಅದರಲ್ಲಿ ವಿಡಿಯೊ ಇಲ್ಲ, ಅವನಿಗೆ ಓದು ಬರಹವೂ ಅಷ್ಟಕ್ಕಷ್ಟೆ.

ಕೊನೆಗೆ ತಮ್ಮನಿಗೆ ಮಾಡಿದಳು. ಹೃಷೀಕೇಶ ನವಿ ಮುಂಬಯಿಯ ಮಹಾಪೆಯಲ್ಲಿ ಒಂದು ಕಂಪನಿಯ ಕಂಪ್ಯೂಟರ್ ವಿಭಾಗದಲ್ಲಿದ್ದ. ಈ ಲ್ಯಾಪ್‌ಟಾಪೂ ಅವನದೇ. ಗೇಮ್ ಆಡಲೆಂದು ಕೊಂಡಿದ್ದ ದೊಡ್ಡ ಯಂತ್ರ. ತನಗೆ ಹೊಸದು ಬಂದ ಮೇಲೆ ಅಕ್ಕನಿಗೆ ಕೊಟ್ಟಿದ್ದ.

"ಎಂತ ಆಯ್ತು ಅಕ್ಕ?"

ಅವಳು ಹೇಳಿದಳು.

"ನೆಟ್ ಸ್ಲೋ ಇರ್ಬೇಕು."

"ಡಾಕ್ಟರ ಮುಖ ಸರಿ ಇತ್ತು ಹೃಷಿ. ದನಿಯೂ ಸರಿ ಇತ್ತು. ಮುಂಡಪ್ಪಣ್ಣನ ಚೌಕ ಮಾತ್ರ ಹಾಗೆ. ಅದೂ ಅವರು ಕೈ ಆಡಿಸಿದಾಗ."

"ಬ್ರೌಸರ್ ಬಂದ್ ಮಾಡಿ ತೆರಿ. ನಾನು ಲಿಂಕ್ ಕಳಿಸ್ತೇನೆ, ಅದರಲ್ಲಿ ಬಾ."

ತೆರೆದಳು. ತಮ್ಮನ ಮುಖ ಬಂತು, ಹಿಂದೆ ಅವನ ಆಫೀಸಿನ ಗೋಡೆ. ಅಷ್ಟರಲ್ಲಿ ಕರೆಂಟ್ ಬಂದು ಫ್ಯಾನು ತಿರುಗತೊಡಗಿತ್ತು. ಚಿತ್ರ ಕನ್ನಡಿಯಷ್ಟು ಸ್ವಚ್ಛವಾಗಿತ್ತು.

"ಎಲ್ಲ ಸರಿ ಉಂಟಲ್ಲ?" ಎಂದು ಅವನು ನಕ್ಕ.

"ಆಗ ಹೀಗೆ ಇರ್ಲಿಲ್ಲ ಮಾರಾಯ. ಆಗ ಕರೆಂಟ್ ಇರ್ಲಿಲ್ಲ."

ಅವನ ನಗು ನಿಂತಿತು. "ಓ. ಚಾರ್ಜರ್ ತೆಗಿ. ತೆಗೆದು ಎರಡು ನಿಮಿಷ ಕಾಯಿ."

ಚಾರ್ಜರ್ ತೆಗೆದಳು. ಅವಳ ಹಿಂದೆ ಬಂದು ನಿಂತಿದ್ದ ಗಂಗಾ ಮಗನನ್ನು ಕಂಡು ಕೈಬೀಸಿದಳು. ಹೃಷೀಕೇಶ ಸನ್ನೆಯಲ್ಲಿ ತಾಯಿಗೆ ಊಟವಾಯಿತೇ ಎಂದು ಕೇಳಿದ, ಭಾನುವಾರ ಬರುತ್ತೇನೆ ಎಂದ. ತಾಯಿ ಒಂದಿಷ್ಟು ಉತ್ತರ ಕೊಟ್ಟು ಸುಮ್ಮನಾದಳು. ಮುಖ ಪರದೆಯ ಹತ್ತಿರ ತಂದಳು. ಆಮೇಲೆ ಮಗಳ ತೋಳು ತಟ್ಟಿ ಕೈಯಲ್ಲಿ ಹೇಳಿದಳು: "ಇವನ ಮುಖ ಈಗಿನದು. ಕೈ ಹಳೆಯದು."

ನಳಿನಿಗೆ ಮೊದಲು ಅರ್ಥವಾಗಲಿಲ್ಲ.

"ತುಟಿ ಬೇರೆ ಹೇಳುತ್ತಿದೆ," ಎಂದಳು ಗಂಗಾ. "ಕೈ ಆಗಿನಿಂದ ಭಾನುವಾರದಲ್ಲೇ ನಿಂತಿದೆ."

"ಹೃಷಿ, ಈಗ ಎಷ್ಟು ಬೆರಳು ತೋರಿಸ್ತಾ ಇದ್ದಿ?" ಎಂದು ನಳಿನಿ ಬಾಯಲ್ಲಿ ಕೇಳಿದಳು.

"ನೀನೇ ಹೇಳು."

"ಐದು."

"ಎರಡು ಅಕ್ಕ. ಭಾನುವಾರ ಅಂತ ಹೇಳಿ ಮುಗಿಸುವಾಗ ಐದೂ ಬಿಡಿಸಿದ್ದೆ, ಆಮೇಲೆ ಎರಡು ಮಾಡಿದೆ. ನೀನು ಸ್ಕ್ರೀನ್‌ಶಾಟ್ ತೆಗೆದು ಕಳಿಸು ನೋಡುವ."

ಕಳಿಸಿದಳು. ಆ ಕಡೆ ಅವನು ಅದನ್ನು ತೆರೆದು ನೋಡಿದ.

"ಇದರಲ್ಲೂ ಐದೇ ಉಂಟು. ಅಂದರೆ ಪರದೆ ಕೆಟ್ಟದ್ದಲ್ಲ, ಒಳಗೆ ಚಿತ್ರ ಬಿಡಿಸುವಲ್ಲೇ ತಪ್ಪು. ಕೇಳು. ಈ ಮಶೀನಿನಲ್ಲಿ ಎರಡು ಗ್ರಾಫಿಕ್ಸ್ ಕಾರ್ಡ್ ಉಂಟು. ಸಣ್ಣದು ಪ್ರೊಸೆಸರ್ ಒಳಗೇ ಇರುವುದು, ಪರದೆ ಅದಕ್ಕೇ ಜೋಡಿಸಿದ್ದು. ದೊಡ್ಡದು ಬೇರೆ, ಗೇಮಿಗೆ. ದೊಡ್ಡದು ಚಿತ್ರ ಬಿಡಿಸಿ ಸಣ್ಣದರ ಕೈಗೆ ಕೊಡ್ತದೆ, ಸಣ್ಣದು ತೋರಿಸ್ತದೆ. ಬ್ಯಾಟರಿಗೆ ಬಂದ ಕೂಡ್ಲೇ ಕರೆಂಟ್ ಉಳಿಸಲಿಕ್ಕೆ ಅವುಗಳ ಲೆಕ್ಕ ಬದಲಾಗ್ತದೆ. ಆಗ ಚೌಕದ ಒಂದು ಭಾಗ ಹೊಸತು ಬರ್ತದೆ, ಇನ್ನೊಂದು ಭಾಗ ಹಳೇದೇ ಉಳೀತದೆ. ಮೊನ್ನೆ ಅಪ್ಡೇಟ್ ಏನಾದರೂ ಆಗಿತ್ತಾ?"

"ಭಾನುವಾರ ರಾತ್ರಿ ತಾನಾಗಿ ಬಂದ್ ಆಗಿ ತೆರೆದುಕೊಂಡಿತ್ತು."

"ಅದೇ. ಕಾರ್ಡ್ ನಡೆಸುವ ಸಾಫ್ಟ್‌ವೇರು, ಅದೇ ಡ್ರೈವರ್, ಬದಲಾಗಿರ್ತದೆ. ಈಗ ಬ್ರೌಸರ್ ಸೆಟ್ಟಿಂಗಿಗೆ ಹೋಗಿ ಹಾರ್ಡ್‌ವೇರ್ ಆಕ್ಸಿಲರೇಶನ್ ಅಂತ ಉಂಟು ನೋಡು, ಅದನ್ನು ಆಫ್ ಮಾಡು. ಆಗ ಬ್ರೌಸರ್ ಎರಡೂ ಕಾರ್ಡನ್ನು ಬಿಟ್ಟು ಪ್ರೊಸೆಸರಿಂದಲೇ ಕೆಲಸ ಮಾಡಿಸ್ತದೆ. ಬಿಸಿ ಆಗ್ತದೆ, ಆದರೆ ಸುಳ್ಳು ಹೇಳುವುದಿಲ್ಲ."

ಆಫ್ ಮಾಡಿ, ಬ್ರೌಸರ್ ಮುಚ್ಚಿ ತೆರೆದಳು. ಚಾರ್ಜರ್ ಇಲ್ಲದೆಯೇ ತಮ್ಮನ ಬೆರಳುಗಳು ಒಂದು, ಮೂರು, ನಾಲ್ಕು ಎಂದು ಸರಿಯಾಗಿ ಮಡಚಿ ಬಿಚ್ಚಿದವು. ಲ್ಯಾಪ್‌ಟಾಪಿನ ಒಳಗಿನ ಫ್ಯಾನು ಗುಂಯ್ ಎನ್ನತೊಡಗಿತು.

"ಆಯ್ತು ನೋಡು," ಎಂದ ಹೃಷೀಕೇಶ.

ಆದರೆ ಆಗಬೇಕಾದ್ದು ಆಗಿರಲಿಲ್ಲ. ತನ್ನೆದುರಿನ ಐದು ಬೆರಳು ಉತ್ತರವಾಗಿರಲಿಲ್ಲ ಎಂಬುದು ನಳಿನಿಗೆ ಈಗ ಖಾತ್ರಿಯಾಗಿತ್ತು. ಉತ್ತರ ಏನಾಗಿತ್ತು ಎಂಬುದು ಮಾತ್ರ ಟಿಟ್ವಾಳಾದಲ್ಲಿ ಒಬ್ಬನಿಗೇ ಗೊತ್ತಿತ್ತು. ಗಂಟೆ ಐದಾಗುತ್ತಿತ್ತು. ಸಂಸ್ಥೆಯ ಕಡತದಿಂದ ಅವನ ವಿಳಾಸ ಫೋನಿಗೆ ಇಳಿಸಿಕೊಂಡು, ತಾಯಿಗೆ ಎರಡು ಸನ್ನೆಯಲ್ಲಿ ಹೇಳಿ, ಚಪ್ಪಲಿ ಮೆಟ್ಟಿ ಹೊರಟಳು.

ಸ್ಟೇಷನ್ನಿನಲ್ಲಿ ಟಿಟ್ವಾಳಾ ಗಾಡಿಗೆ ಇನ್ನೂ ಇಪ್ಪತ್ತೈದು ನಿಮಿಷವಿತ್ತು. ನಿಂತಲ್ಲಿ ನಿಲ್ಲಲಾಗದೆ, ಮೊದಲು ಬಂದ ಬದ್ಲಾಪುರ ಲೋಕಲ್ಲಿನ ಲೇಡೀಸ್ ಡಬ್ಬಿಗೆ ಹತ್ತಿಬಿಟ್ಟಳು. ಕಲ್ಯಾಣದಲ್ಲಿ ಇಳಿದು ಬದಲಿಸಿದರಾಯಿತು ಎಂದು ಲೆಕ್ಕ. ಕಲ್ಯಾಣ ಬಂದಾಗ ಅವಳು ಬಾಗಿಲಿನಿಂದ ನಾಲ್ಕು ಸಾಲು ಒಳಗಿದ್ದಳು. "ಉತರನಾ ಹೈ, ಉತರನಾ ಹೈ" ಎಂದು, ಇಳಿಯಬೇಕೆಂದು ಕೂಗಿದರೂ ಹತ್ತುವವರ ದಂಡು ಅವಳನ್ನು ಇನ್ನೂ ಒಳಕ್ಕೆ ತಳ್ಳಿತು. ಗಾಡಿ ಹೊರಟೇಬಿಟ್ಟಿತು.

"ಪುಢೇ ವಿಠ್ಠಲವಾಡೀಲಾ ಉತರಾ, ತಾಈ," ಎಂದಳು ಪಕ್ಕದಲ್ಲಿದ್ದ ಮರಾಠಿ ಹೆಂಗಸು, ತನ್ನ ಚೀಲವನ್ನು ಎದೆಗೆ ಒತ್ತಿಕೊಂಡು ಅವಳಿಗೆ ದಾರಿ ಬಿಡುತ್ತ.

ಅವಳು ಹೇಳಿದಂತೆ ಮುಂದಿನ ಸ್ಟೇಷನ್ ವಿಠ್ಠಲವಾಡಿಯಲ್ಲಿ ಇಳಿದು, ಸೇತುವೆ ಹತ್ತಿ ಆಚೆ ಹೋಗಿ, ವಾಪಸು ಗಾಡಿಗಾಗಿ ಕಾದಳು. ಅಷ್ಟರಲ್ಲಿ ಆಸ್ಪತ್ರೆಗೆ ಇನ್ನೊಂದು ಸಲ ಫೋನ್ ಮಾಡಿದಳು. ಅದೇ ಹೆಂಗಸು, ಅದೇ ಉತ್ತರ. ತಾನು ಯಾಕೆ ಆಗಲೇ "ಡಾಕ್ಟರ್, ನನಗೆ ಸರಿಯಾಗಿ ಕಾಣಿಸ್ತಿಲ್ಲ" ಎನ್ನಲಿಲ್ಲ? ಕಪ್ಪು ತೇಪೆ ಕಂಡಿತ್ತಲ್ಲ. ಎರಡು ಕಾರ್ಡಿನ ಲ್ಯಾಪ್‌ಟಾಪು ಸುಳ್ಳು ತೋರಿಸಿತು, ಒಪ್ಪಿದೆ. ಆದರೆ ಡಾಕ್ಟರ ಹತ್ತು ನಿಮಿಷ ಹಾಳಾದೀತೆಂದು ಬಾಯಿ ಮುಚ್ಚಿಕೊಂಡದ್ದು ಯಾರು? ಪ್ಲಾಟ್‌ಫಾರ್ಮಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದಳು. ಗಾಡಿ ಬಂದಾಗ ಅವಳು ತಪ್ಪು ತುದಿಯಲ್ಲಿದ್ದು, ಲೇಡೀಸ್ ಡಬ್ಬಿಗೆ ಓಡಬೇಕಾಯಿತು.

ಕಲ್ಯಾಣದಲ್ಲಿ ಗಾಡಿ ಬದಲಿಸಿ ಟಿಟ್ವಾಳಾದಲ್ಲಿ ಇಳಿದಾಗ ಏಳು ಹತ್ತು. ಗಣಪತಿ ಗುಡಿಯ ಕಡೆ ಹೋಗುವ ಶೇರ್ ರಿಕ್ಷಾದಲ್ಲಿ ಅರ್ಧ ದಾರಿ ಹೋಗಿ, ಕಟ್ಟಡ ಹುಡುಕಿ, ನಾಲ್ಕನೇ ಮಹಡಿ ಹತ್ತಿದಳು. ಬಾಗಿಲ ಗುಂಡಿ ಒತ್ತಿದಾಗ ಶಬ್ದ ಬರಲಿಲ್ಲ. ಗಂಟೆಯ ಬದಲು ಒಳಗೆ ಒಂದು ಬಲ್ಬು ಮಿನುಗಿದ್ದು ಬಾಗಿಲಿನ ಸಂದಿಯಿಂದ ಕಂಡಿತು.

ಮುಂಡಪ್ಪ ಬಾಗಿಲು ತೆಗೆದು ಬೆರಗಾದ. ಮಂಚದ ಮೇಲೆ ಅರ್ಧ ತುಂಬಿದ ಚೀಲ: ಲುಂಗಿ, ಟವೆಲು, ಸ್ಟೀಲಿನ ಲೋಟ. ಕೂರಲು ಹೇಳುವ ಮೊದಲೇ ನಳಿನಿ ಕೈಯೆತ್ತಿದಳು.

"ರಕ್ತದ ಮಾತ್ರೆ. ನಿಲ್ಲಿಸಿ ಎಷ್ಟು ದಿನವಾಯಿತು?"

"ನಿಲ್ಲಿಸಿಲ್ಲ," ಎಂದ ಅವನು. "ಮಧ್ಯಾಹ್ನವೇ ಹೇಳಿದೆನಲ್ಲ."

"ಇನ್ನೊಮ್ಮೆ ಹೇಳಿ. ಮಧ್ಯಾಹ್ನ ಹೇಳಿದ ಹಾಗೆಯೇ."

ಅವನು ಹುಬ್ಬೇರಿಸಿ ಐದು ಬೆರಳು ಬಿಡಿಸಿದ: "ಐದು ದಿನವಾ?" ಕೈ ಕೆಳಗಿಳಿಯಿತು. "ಇಲ್ಲ. ನಿಲ್ಲಿಸಬೇಕು ಎಂದು ಯಾರೂ ಹೇಳಲಿಲ್ಲ. ಇವತ್ತು ಬೆಳಿಗ್ಗೆಯೂ ತಿಂದೆ." ಆಮೇಲೆ ಕಪಾಟಿನಿಂದ ಮಾತ್ರೆಯ ಪಟ್ಟಿ ತಂದು ತೋರಿಸಿದ. ಹತ್ತರಲ್ಲಿ ಮೂರು ಉಳಿದಿದ್ದವು. "ನೀನು ತಲೆಯಾಡಿಸಿದೆ. ಡಾಕ್ಟರೂ ನಕ್ಕರು. ತೊಂದರೆಯಿಲ್ಲ ಎಂದುಕೊಂಡೆ."

ನಿಮ್ಮ ಸನ್ನೆ ಕಾಣುತ್ತಿದೆ, ಮುಂದೆ ಹೇಳಿ ಎಂಬ ಅರ್ಥದಲ್ಲಿ ದಿನಕ್ಕೆ ನೂರು ಸಲ ತಲೆಯಾಡಿಸುವುದು ನಳಿನಿಗೆ ರೂಢಿ. ಅದು ಅವನಿಗೆ ಒಪ್ಪಿಗೆಯಾಗಿ ಕಂಡಿತ್ತು.

"ನೀನು ಡಾಕ್ಟರಿಗೆ ಏನು ಹೇಳಿದೆ?" ಎಂದು ಮುಂಡಪ್ಪ ಕೇಳಿದ.

ಇಲ್ಲಿ ಸುಳ್ಳು ಹೇಳುವುದು ಸುಲಭವಿತ್ತು. ಡಾಕ್ಟರೇ ತಪ್ಪು ತಿಳಿದರು ಎಂದಿದ್ದರೆ ಅವನು ನಂಬುತ್ತಿದ್ದ. "ಐದು ದಿನವಾಯಿತು ಎಂದೆ. ನನ್ನ ಪರದೆಯಲ್ಲಿ ನಿಮ್ಮ ಐದು ಬೆರಳು ಮಾತ್ರ ಉಳಿದಿತ್ತು. ಆಮೇಲಿನದು ಕಾಣಲಿಲ್ಲ. ಚಿತ್ರ ಕೆಟ್ಟಿದೆ ಎಂದು ಗೊತ್ತಿದ್ದೂ ನಾನು ತಡೆಯಲಿಲ್ಲ."

ಅವನು ಅವಳ ಕೈಗಳನ್ನೇ ನೋಡುತ್ತ ನಿಂತ. "ಹಾಗೇ ಕೊಯ್ದಿದ್ದರೆ?"

"ರಕ್ತ ನಿಲ್ಲುತ್ತಿರಲಿಲ್ಲ."

ಮುಂಡಪ್ಪ ಮಂಚದ ತುದಿಯಲ್ಲಿ ಕೂತ. ಸ್ವಲ್ಪ ಹೊತ್ತಿಗೆ ಎದ್ದು ಚೀಲದಿಂದ ಲುಂಗಿ ತೆಗೆದ, ಟವೆಲು ತೆಗೆದ, ಲೋಟವನ್ನು ಸದ್ದಾಗುವಂತೆ ಕಟ್ಟೆಯ ಮೇಲಿಟ್ಟ. ಆ ಸದ್ದು ಕೇಳಿಸಿದ್ದು ನಳಿನಿಗೆ ಮಾತ್ರ. ಅವನ ಸನ್ನೆಗಳು ದೊಡ್ಡದಾದವು, ವೇಗವಾದವು. ಮೂರು ತಿಂಗಳಿಂದ ನೋವು. ಬಗ್ಗಲಾಗುವುದಿಲ್ಲ, ಒಂದು ಬಕೆಟ್ ನೀರು ಎತ್ತಲಾಗುವುದಿಲ್ಲ. ಮನೀಶ ನಾಳೆಗೆಂದು ರಜೆ ಹಾಕಿದ್ದಾನೆ. ಇನ್ನು ಮತ್ತೆ ಯಾವಾಗ? "ನಿನ್ನ ಅಪ್ಪ ಗಿರಾಕಿಗೆ ಬೇಕಾದ್ದನ್ನು ಸಣ್ಣ ಚೀಟಿಯಲ್ಲಿ ಚಿತ್ರ ಬರೆದು ಹೇಳುತ್ತಿದ್ದರು. ಒಂದು ದಿನವೂ ತಪ್ಪು ದೋಸೆ ಹೋಗಲಿಲ್ಲ," ಎಂದು ಮುಗಿಸಿ, ಅವಳಿಗೆ ಬೆನ್ನು ಹಾಕಿ ನಿಂತ. ಸನ್ನೆಯಲ್ಲಿ ಮಾತಾಡುವವನು ಬೆನ್ನು ಹಾಕಿದರೆ ಬಾಗಿಲು ಮುಚ್ಚಿದಂತೆಯೇ.

ಆಗ ಅವಳ ಫೋನು ರಿಂಗಾಯಿತು. ಡಾಕ್ಟರ್ ಕಶ್ಯಪ. ಓಟಿಯಿಂದ ಆಗತಾನೇ ಹೊರಬಂದಿದ್ದರು.

"ಎರಡು ಸಲ ಫೋನ್ ಮಾಡಿದ್ರಂತೆ?"

ಅವಳು ಒಂದೇ ಉಸಿರಿಗೆ ಹೇಳಿದಳು.

"ಮಾತ್ರೆ ಪಟ್ಟಿ ಫೋಟೊ ಕಳಿಸಿ."

ಕಳಿಸಿದಳು.

"ನಾಳೆ ಬೇಡ," ಎಂದರು ಡಾಕ್ಟರ್. "ಅವರ ಹೃದಯದ ಡಾಕ್ಟರ್ ಜೊತೆ ನಾನೇ ಮಾತಾಡ್ತೀನಿ. ಅವರು ಒಪ್ಪಿದ್ರೆ ಶುಕ್ರವಾರದಿಂದ ಮಾತ್ರೆ ಬಂದ್, ಮುಂದಿನ ಬುಧವಾರ ಆಪರೇಷನ್. ನಾನು ಹೇಳೋವರೆಗೂ ಅವರಾಗಿ ನಿಲ್ಲಿಸೋದು ಬೇಡ." ಕೊನೆಗೆ ಹೇಳಿದರು, "ನಳಿನಿಯವರೇ, ನಾನು ಆತುರ ಮಾಡಿದೆ. ಆದ್ರೆ ಕಾಣಿಸ್ದೇ ಇದ್ರೆ ನೀವು ಹೇಳ್ಬೇಕಿತ್ತು."

"ಹೌದು ಡಾಕ್ಟರ್. ಹೇಳ್ಬೇಕಿತ್ತು."

ಮುಂಡಪ್ಪನ ಎದುರಿಗೆ ಹೋಗಿ ನಿಂತು ಎಲ್ಲವನ್ನೂ ತಿಳಿಸಿದಳು. ಶುಕ್ರವಾರ, ಬುಧವಾರ ಎಂದು ಅವನಿಂದಲೇ ಎರಡು ಸಲ ಹೇಳಿಸಿದಳು. ಅವನು ಹೇಳಿದ. ಚಹಾ ಮಾತ್ರ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ನಳಿನಿ ಸಂಸ್ಥೆಗೆ ನಡೆದದ್ದನ್ನೆಲ್ಲ ಬರೆದು ಕಳಿಸಿದಳು. ಅಲ್ಲಿ ಕೆಲಸ ಹಂಚುವ ಸಂಜನಾ ಫೋನ್ ಮಾಡಿದಳು. ವಾಶಿಯಲ್ಲೇ ಹುಟ್ಟಿದ ಕನ್ನಡದ ಹುಡುಗಿ, ಕನ್ನಡ ಅರ್ಥವಾದರೂ ಉತ್ತರ ಮಾತ್ರ ಹಿಂದಿಯಲ್ಲಿ.

"ದೀದಿ, ಆಪ್ ನೇ ಖುದ್ ಲಿಖಾ, ಅಚ್ಛಾ ಕಿಯಾ. ಲೇಕಿನ್ ಏಕ್ ಮಹೀನಾ ಹಾಸ್ಪಿಟಲ್ ಕೇ ವಿಡಿಯೊ ಕಾಲ್ ನಹೀ ದೇ ಸಕತೀ." ನೀವೇ ಬರೆದದ್ದು ಒಳ್ಳೆಯದಾಯಿತು, ಆದರೆ ಒಂದು ತಿಂಗಳು ಆಸ್ಪತ್ರೆಯ ವಿಡಿಯೊ ಕರೆ ಕೊಡುವಂತಿಲ್ಲ.

ನಳಿನಿ ವಾದಿಸಲಿಲ್ಲ. ಆದರೆ ಭಾನುವಾರದ ತನಕದ ನಾಲ್ಕು ದಿನ ಮನೆಯಲ್ಲಿ ಅವಳ ಕೈ ಸುಮ್ಮನಿರಲಿಲ್ಲ. ಕಪಾಟು ಖಾಲಿ ಮಾಡಿ ಮತ್ತೆ ಜೋಡಿಸಿದಳು. ಲ್ಯಾಪ್‌ಟಾಪ್ ತೆರೆದು ತಾಯಿಯನ್ನು ಫೋನಿನ ಎದುರು ಕೂರಿಸಿ, ತನಗೇ ವಿಡಿಯೊ ಕರೆ ಮಾಡಿಕೊಂಡು, ಬೆರಳೆಣಿಸಿ ಎಣಿಸಿ ನೋಡಿದಳು. ಚಾರ್ಜರ್ ಹಾಕಿ, ತೆಗೆದು, ಮತ್ತೆ ಹಾಕಿ. ಕೊನೆಗೆ ಗಂಗಾಳೇ ಬೇಸತ್ತು, "ಕೈ ಸರಿ ಇದೆ, ನಿನ್ನ ತಲೆ ಸರಿಯಿಲ್ಲ," ಎಂದು ಎದ್ದುಹೋದಳು.

ಭಾನುವಾರ ಹೃಷೀಕೇಶ ಬಂದ. ಊಟವಾದ ಮೇಲೆ ಲ್ಯಾಪ್‌ಟಾಪ್ ಮುಂದೆ ಕೂತ. ಸಣ್ಣ ಕಾರ್ಡಿಗೆ ಕಂಪನಿಯವರ ಹೊಸ ಡ್ರೈವರ್ ಹಾಕಿದ. ಆಮೇಲೆ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಗ್ರಾಫಿಕ್ಸ್ ಎಂಬಲ್ಲಿಗೆ ಹೋಗಿ, ಬ್ರೌಸರ್ ಯಾವಾಗಲೂ ಸಣ್ಣ ಕಾರ್ಡಿನಲ್ಲೇ ಓಡಬೇಕೆಂದು ಆರಿಸಿದ. "ಇನ್ನು ದೊಡ್ಡದು ಇದರ ತಂಟೆಗೆ ಬರುವುದಿಲ್ಲ. ಮೊದಲು ಆಫ್ ಮಾಡಿದ್ದನ್ನೂ ಈಗ ಆನ್ ಮಾಡಬಹುದು, ಬಿಸಿ ಆಗುವುದಿಲ್ಲ."

"ನಂಬಬಹುದಾ?"

"ಮಶೀನನ್ನು ಪೂರ್ತಿ ನಂಬಬೇಡ ಅಕ್ಕ," ಎಂದ ಅವನು, ಸ್ವಲ್ಪ ನಾಚಿಕೊಂಡು. "ನಾನು ಕೊಡುವಾಗ ಇದನ್ನೆಲ್ಲ ನೋಡಿ ಕೊಡಬೇಕಿತ್ತು. ಗೇಮಿಗೆ ಚೆನ್ನಾಗಿದೆ, ಇನ್ನೆಂತ ಅಂದುಕೊಂಡೆ."

ಸೋಮವಾರ ಮನೀಶನ ಮೆಸೇಜು ಬಂತು. ಹೃದಯದ ಡಾಕ್ಟರ್ ಒಪ್ಪಿದ್ದಾರೆ, ಮಾತ್ರೆ ಶುಕ್ರವಾರದಿಂದ ನಿಂತಿದೆ. ಕೆಳಗೆ ಇನ್ನೊಂದು ಸಾಲು: "ಮಾಮ ಹೇಳಿದ್ದಾರೆ, ಬುಧವಾರ ನೀವೇ ಬರಬೇಕಂತೆ. ಲ್ಯಾಪ್‌ಟಾಪ್ ತರಬಾರದಂತೆ." ಸಂಜನಾಗೆ ತೋರಿಸಿದಾಗ, ನೇರ ಹೋಗುವುದಕ್ಕೆ ತಡೆಯಿಲ್ಲ ಎಂದಳು.

ಬುಧವಾರ ಬೆಳಿಗ್ಗೆ ಏಳಕ್ಕೆ ಮೊದಲೇ ನಳಿನಿ ಠಾಣೆಯ ಆಸ್ಪತ್ರೆಯಲ್ಲಿದ್ದಳು. ಡಾಕ್ಟರ್ ಕಶ್ಯಪ ಬಂದು ಮಂಚದ ಪಕ್ಕ ಕುರ್ಚಿ ಎಳೆದು ಕೂತರು. ಒಂದೊಂದೇ ಪ್ರಶ್ನೆ ಕೇಳಿ, ಉತ್ತರ ಬರುವ ತನಕ ಕಾದರು. ನಳಿನಿ ತಲೆಯಾಡಿಸಲಿಲ್ಲ. ಪ್ರತಿ ಉತ್ತರವನ್ನೂ ಕೈಯಲ್ಲಿ ತಿರುಗಿ ಹೇಳಿ, ಮುಂಡಪ್ಪ ಹೌದೆಂದ ಮೇಲೆಯೇ ಬಾಯಿ ತೆರೆದಳು. ಓಟಿಗೆ ಒಯ್ಯುವಾಗ ನರ್ಸು ಅವನ ಕನ್ನಡಕ ತೆಗೆಯಲು ಬಂದಳು. ನಳಿನಿ ತಡೆದಳು. "ಅದು ಹೋದರೆ ಇವರಿಗೆ ಏನೂ ಕೇಳಿಸದು." ಡಾಕ್ಟರ್, ಅರಿವಳಿಕೆ ಕೊಡುವ ತನಕ ಇರಲಿ ಎಂದರು.

ಮಧ್ಯಾಹ್ನ ಒಂದೂವರೆಗೆ ಅವನನ್ನು ಹೊರಗೆ ತಂದರು. ಹೊಲಿಗೆಯಲ್ಲಿ ರಕ್ತ ಜಿನುಗುತ್ತಿಲ್ಲ, ಆಪರೇಷನ್ನಿನಲ್ಲೂ ಜಾಸ್ತಿ ಹೋಗಿಲ್ಲ ಎಂದು ಡಾಕ್ಟರ್ ಹೇಳಿಹೋದರು. ಮನೀಶ ಹೊರಗೆ ಮನೆಯವರಿಗೆ ಫೋನ್ ಮಾಡುತ್ತಿದ್ದ. ಮುಂಡಪ್ಪ ಕಣ್ಣು ಬಿಟ್ಟಾಗ ಎದುರಿಗಿದ್ದದ್ದು ನಳಿನಿ ಒಬ್ಬಳೇ. ಅವಳು ಕನ್ನಡಕವನ್ನು ಮೂಗಿನ ಮೇಲೆ ಕೂರಿಸಿದಳು. ಬಲಗೈಗೆ ಸಲೈನ್ ಕಟ್ಟಿದ್ದರಿಂದ ಅವನು ಎಡಗೈ ಎತ್ತಿ, ಹೊಟ್ಟೆಯ ಹತ್ತಿರ ತಂದು, ನಿಧಾನವಾಗಿ ಏನೋ ಹೇಳಿದ.

"ನೋವಾ?" ಎಂದು ನರ್ಸು ಕೇಳಿದಳು.

"ಸ್ವಲ್ಪ ತಡೀರಿ," ಎಂದಳು ನಳಿನಿ. ಮುಂಡಪ್ಪನಿಗೆ ಮತ್ತೊಮ್ಮೆ ಹೇಳುವಂತೆ ಸನ್ನೆ ಮಾಡಿದಳು. ಅವನು ಹುಬ್ಬುಗಂಟಿಕ್ಕಿ ಮತ್ತೊಮ್ಮೆ ಹೇಳಿದ, ಈ ಸಲ ಇನ್ನೂ ಸ್ಪಷ್ಟವಾಗಿ.

"ನೋವಲ್ಲ. ಹಸಿವಂತೆ."

ಸಂಜೆಯ ತನಕ ನೀರು ಮಾತ್ರ ಎಂದಳು ನರ್ಸು. ನಳಿನಿ ಅದನ್ನು ಹಾಗೆಯೇ ತಿಳಿಸಿದಳು. ಮುಂಡಪ್ಪ ಒಂದೇ ಕೈಯಲ್ಲಿ ಆಸ್ಪತ್ರೆಯನ್ನೂ ಡಾಕ್ಟರನ್ನೂ ಅವಳನ್ನೂ ಸೇರಿಸಿ ಬಯ್ದ. ಅದನ್ನು ಮಾತ್ರ ಅವಳು ಯಾರಿಗೂ ಹೇಳಲಿಲ್ಲ.